ಕಳ್ಳಿಮೆಳೆಯ ಒಕ್ಕಲು

ಕರಿಗಲ್ಲುದುರ್ಗದ ಪಾಳೆಗಾರ ಕೆಂಚಮಲ್ಲನಾಯಕರಿಗೆ ಬಾಯಿಚಪಲ ಜಾಸ್ತಿ. ಕೋಟೆಯ ಹಿಂದಿನ ಬಯಲಲ್ಲಿ ಪಾಪಾಸುಕಳ್ಳಿ ಕೆಂಪಗೆ ಹಣ್ಣು ಬಿಟ್ಟಿದ್ದು ಕಂಡದ್ದೇ ತಡ, ಒರೆಸದೆ, ಸುಲಿಯದೆ ಗಬಕ್ಕನೆ ಬಾಯಿಗೆ ಹಾಕಿಕೊಂಡರು. ನಾಲಿಗೆ ತುಂಬ ಸಣ್ಣ ಸಣ್ಣ ಮುಳ್ಳು! ಅಯ್ಯೋ ಪಾಪ ಅನ್ನಬೇಡಿ, ಬೇಕಿತ್ತು ಅವರಿಗೆ.

"ಓಬಳಯ್ಯ! ಸಂಜೆಯೊಳಗೆ ಆ ಕಳ್ಳಿಮೆಳೆ ನೆಲಸಮ ಆಗಬೇಕು. ಇಲ್ಲದಿದ್ದರೆ ನಿನ್ನ ಮೀಸೆ ಬೋಳಿಸ್ತೀನಿ!"

ಆಸ್ಥಾನದ ಜಾಣ ಓಬಳಯ್ಯ ಮೀಸೆ ಮುಟ್ಟಿ ನೋಡಿಕೊಂಡ. ದಿನಾ ಎಣ್ಣೆ ಹಚ್ಚಿ ಸಾಕಿದ ಮೀಸೆ ಅದು. ಆದರೆ ಆ ಮೆಳೆಯಲ್ಲಿ ಮರಿ ಕಟ್ಟಿಕೊಂಡ ಪ್ರಾಣಿ ಪಕ್ಷಿಗಳ ಸಂಸಾರ ನೂರೆಂಟು. ಕಡಿಯೋಕೂ ಮನಸ್ಸಿಲ್ಲ.

"ಆಗಲಿ ಪ್ರಭು. ಮನೆ ಕಳಕೊಂಡವರಿಗೆ ನಮ್ಮ ದುರ್ಗದ ಕಟ್ಟಳೆ ಏನು?"

"ಗೊತ್ತಿಲ್ವೇನಯ್ಯಾ? ಹೊಸ ಮನೆ ಏಳೋವರೆಗೆ ಅರಮನೆಯಲ್ಲೇ ವಾಸ. ಯಾರೇ ಆಗಲಿ! ನಮ್ಮ ತಾತ ಕೊಟ್ಟ ಮಾತು, ನಾನು ತಪ್ಪೋನಲ್ಲ!" ನಾಯಕರು ಎದೆ ತಟ್ಟಿಕೊಂಡು ಮಲಗಲು ಹೋದರು.

ಮಧ್ಯಾಹ್ನದ ನಿದ್ದೆ ಮುಗಿಸಿ ಕಣ್ಣು ಬಿಟ್ಟರೆ, ದಿಂಬಿನ ಮೇಲೆ ಮೊಲ. ಕಿರೀಟದ ಮೇಲೆ ಕೂತು ತಲೆ ಅಲ್ಲಾಡಿಸುವ ಓತಿಕ್ಯಾತ. ಪೇಟದೊಳಗೆ ಹಕ್ಕಿಗೂಡು, ಮರಿಗಳ ಚೀಂವ್ ಚೀಂವ್. ಮಂಚದ ಕೆಳಗೆ ಮುಂಗುಸಿ, ನಾಯಕರ ಚಡಾವು ಜೋಡು ಕಡಿಯುತ್ತಿದೆ.

"ಏನೋ ಇದು ಸಂತೆ?" ಬಾಗಿಲಲ್ಲಿ ನಿಂತಿದ್ದ ಓಬಳಯ್ಯನನ್ನು ನಾಯಕರು ಗದರಿದರು.

"ಕಳ್ಳಿಮೆಳೆಯ ಒಕ್ಕಲು, ಪ್ರಭು. ಮನೆ ಹೋಗುತ್ತಲ್ಲ, ಕಡಿಯೋಕೆ ಮೊದಲೇ ಕರಕೊಂಡು ಬಂದೆ."

"ಎಷ್ಟು ದಿನ ಇರ್ತಾವೋ?"

"ಹೊಸ ಕಳ್ಳಿ ನೆಟ್ಟು, ಅದು ಆಳೆತ್ತರ ಬೆಳೆಯೋವರೆಗೆ. ತಮ್ಮ ಮೊಮ್ಮಕ್ಕಳ ಮದುವೆ ಹೊತ್ತಿಗೆ ಖಂಡಿತ ಹೊರಡ್ತಾರೆ."

"ಹಾಳಾಗಲಿ, ಇಷ್ಟೇ ತಾನೇ? ಹೇಗೋ ಸಹಿಸ್ಕೋತೀನಿ."

"ಇಷ್ಟೇ ಪ್ರಭು. ನಾಗಪ್ಪನ ಸಂಸಾರ ಒಂದು ಬರೋದಿದೆ. ಪಾಪ, ಮೊಟ್ಟೆಯೊಡೆದು ಈಗ ತಾನೇ ಮರಿ ಬಂದಿವೆ. ಬೆಚ್ಚಗಿರಲಿ ಅಂತ ತಮ್ಮ ಕಂಬಳಿಯಲ್ಲೇ ಜಾಗ ಗೊತ್ತು ಮಾಡಿದ್ದೀನಿ."

ನಾಯಕರು ಕಂಬಳಿ ಕೊಡವಿ ಕಿಟಕಿ ಹತ್ತಿ ನಿಂತರು. "ಕಳ್ಳಿ ಮುಟ್ಟಿದವನಿಗೆ ಛಡಿಯೇಟು! ಇವನ್ನೆಲ್ಲ ಮನೆಗೆ ಬಿಟ್ಟು ಬಾರೋ ಮಹರಾಯ!"

"ನನ್ನ ಮೀಸೆ?"

"ಇಟ್ಕೋ! ಬಾಚೋಕೆ ಬೆಳ್ಳಿ ಬಾಚಣಿಗೆ ಬೇರೆ ಕೊಡ್ತೀನಿ. ಮೊದಲು ನನ್ನ ನಾಲಿಗೆಯ ಮುಳ್ಳು ಕೀಳು."

"ಚಾಚಿ ಪ್ರಭು. ಅವಸರವಿಲ್ಲ, ನಿಧಾನವಾಗಿ ಒಂದೊಂದೇ ಕೀಳ್ತೀನಿ. ನಾಲಿಗೆ ಹೊರಗಿರೋಷ್ಟು ಹೊತ್ತು ತಾವು ಇನ್ನೊಂದು ಅಪ್ಪಣೆ ಕೊಡೋಕಾಗಲ್ಲವಲ್ಲ!"

ನಾಯಕರು ನಾಲಿಗೆ ಚಾಚಿಕೊಂಡೇ ಹೊಟ್ಟೆ ಹಿಡಿದು ನಕ್ಕರು.