ಚೀಟಿ ಬೇಡವೆಂದವರು

ದಾವಣಗೆರೆಯ ಹಳೇ ಚಿತ್ರಮಂದಿರವೊಂದರಲ್ಲಿ ಒಬ್ಬ ಗೇಟ್‌ಕೀಪರ್ ಇದ್ದ. ಸಿನಿಮಾದ ನಡುವೆ ಹೊರಗೆ ಹೋಗುವವರಿಗೆ ಅವನು ಒಂದು ರಟ್ಟಿನ ಚೀಟಿ ಕೊಡುತ್ತಿದ್ದ. ಅದನ್ನು ತೋರಿಸಿದರಷ್ಟೇ ಮತ್ತೆ ಒಳಗೆ ಪ್ರವೇಶ. ಯಾವ ಸಿನಿಮಾಕ್ಕೆ ಎಷ್ಟು ಜನ ಚೀಟಿಯೇ ಬೇಡವೆಂದು ಹೋಗುತ್ತಾರೆ ಎಂದು ನೋಡುವುದು ಅವನಿಗೊಂದು ಕುತೂಹಲ.

ಒಂದು ಮಧ್ಯಾಹ್ನ ನಿರ್ದೇಶಕ ಸರ್ವೋತ್ತಮರು ಟೀವಿಯವರನ್ನು ಕಟ್ಟಿಕೊಂಡು ಬಂದರು.

"ಏನಯ್ಯಾ, ನನ್ನ ಸಿನಿಮಾ ಅದ್ಭುತ ಅಂತ ಕ್ಯಾಮೆರಾ ಮುಂದೆ ಹೇಳಬೇಕು. ಇಲ್ಲದಿದ್ದರೆ ಮಾಲೀಕರಿಗೆ ಹೇಳಿ ನಿನ್ನ ಕೆಲಸ ತೆಗೆಸ್ತೀನಿ."

"ಬಾಗಿಲು ಕಾಯೋನು ನಾನು, ಸಿನಿಮಾ ಎಲ್ಲಿ ನೋಡ್ಲಿ ಸ್ವಾಮಿ? ನೀವೇ ಜನರ ನಡುವೆ ಕೂತು ನೋಡ್ಕೊಂಡು ಬನ್ನಿ. ಬಂದು ನೀವೇನು ಹೇಳ್ತೀರೋ, ಒಂದಕ್ಷರ ಬಿಡದೆ ಅದನ್ನೇ ಹೇಳ್ತೀನಿ."

ಸರ್ವೋತ್ತಮರು ಮೀಸೆ ತಿರುವುತ್ತಾ ಒಳಗೆ ಹೋದರು. ಅರ್ಧ ಗಂಟೆಯಲ್ಲಿ ಆಕಳಿಸುತ್ತಾ ಹೊರಗೆ ಬಂದರು. ಗೇಟ್‌ಕೀಪರ್ ಚೀಟಿ ಚಾಚಿದ.

"ಬೇಡ ಕಣಯ್ಯಾ, ಮತ್ತೆ ಯಾರು ಒಳಗೆ ಹೋಗ್ತಾರೆ!"

ಬಾಗಿಲಲ್ಲೇ ಕಾದಿದ್ದ ಟೀವಿಯ ಹುಡುಗಿ ಮೈಕು ಹಿಡಿದಳು. "ಸಿನಿಮಾ ಹೇಗಿದೆ ಅಂತಾರೆ ಜನ?"

ಗೇಟ್‌ಕೀಪರ್ ಕೈಮುಗಿದ. "ನಿರ್ದೇಶಕರು ಹೇಳಿದ್ದನ್ನೇ ಹೇಳ್ತೀನಮ್ಮಾ. 'ಬೇಡ ಕಣಯ್ಯಾ...'"

"ಏಯ್, ಕೊಡಯ್ಯಾ ಆ ಚೀಟಿ!" ಸರ್ವೋತ್ತಮರು ಅದನ್ನು ಕಿತ್ತುಕೊಂಡು ಒಳಗೆ ಓಡಿದರು. ಸಿನಿಮಾ ಮುಗಿಯುವ ತನಕ ಅಲ್ಲಾಡದೆ ಕೂತರು.

ಕೆಲಸ ತೆಗೆಸುವ ಮಾತು ಮತ್ತೆ ಬರಲಿಲ್ಲ. ಹೋಗುವಾಗ ಚೀಟಿ ಮರಳಿಸಿ ಮೆಲ್ಲಗೆ ಕೇಳಿದರು: "ಇವತ್ತು ಚೀಟಿ ಬೇಡ ಅಂದವರು ಎಷ್ಟು ಜನ?"

"ನಿಮ್ಮನ್ನೂ ಸೇರಿಸಿಯಾ ಸ್ವಾಮಿ?"