ಗಾಜಿನಲ್ಲಿ ಉಳಿದ ಕೈ

ಪೂಜ್ಯ ಸಿಸ್ಟರ್ ಅಪೊಲೊನಿಯಾ ಅವರು ಮೂವತ್ತೊಂದು ವರ್ಷ ಮಾಡಿದ ಸೇವೆ ಗಾಜು ತೊಳೆಯುವುದು. ಮಂಗಳೂರಿನ ಕಡೆಯ ನಮ್ಮ ಕಾನ್ವೆಂಟ್ ಶಾಲೆಯ ಪ್ರಯೋಗಶಾಲೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ, ಕಲ್ಲಿನ ತೊಟ್ಟಿಯ ಮುಂದೆ ನಿಂತು, ವಿದ್ಯಾರ್ಥಿನಿಯರು ಬಳಸಿಬಿಟ್ಟ ಪ್ರನಾಳಗಳನ್ನೂ ಗಾಜಿನ ಪಟ್ಟಿಗಳನ್ನೂ ಅವರು ತೊಳೆದು ಒಣಗಿಸುತ್ತಿದ್ದರು. ನಾಲ್ಕನೆಯ ತರಗತಿಗಿಂತ ಹೆಚ್ಚು ಓದಿದವರಲ್ಲ. ಒದ್ದೆ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಾಗ ನಾವು ಎಳೆದು ಮುರಿಯುತ್ತಿದ್ದೆವು. ಅವರು ಅಂಥವನ್ನು ನೀರಿಗೆ ಹಾಕಿ ಜಪಸರ ಹಿಡಿದು ಕುಳಿತುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವು ತಾವಾಗಿಯೇ ಬೇರೆಯಾಗುತ್ತಿದ್ದವು.

ಇಲ್ಲಿ ಬರೆಯುತ್ತಿರುವುದು ವಸುಮತಿ ಟೀಚರ್ ಅವರೇ ನನಗೆ ಹೇಳಿದ ಸಂಗತಿ. ಇದನ್ನು ಪವಾಡವೆಂದು ಹೇಳಿಕೊಂಡು ತಿರುಗುವವರಿದ್ದಾರೆ. ಅದು ಸರಿಯಲ್ಲ. ಸಿಸ್ಟರ್ ಅವರಿಗೂ ಅದು ಹಿಡಿಸುತ್ತಿರಲಿಲ್ಲ.

ವಸುಮತಿ ಟೀಚರ್ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದರು. ಅವರ ಒಬ್ಬಳೇ ಮಗಳು ಕುಮುದಾ ಒಂಬತ್ತನೆಯ ವಯಸ್ಸಿನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಳು. ಹದಿನಾಲ್ಕನೆಯ ದಿನ ಟೀಚರ್ ತರಗತಿಗೆ ಬಂದು, ನಿಲ್ಲಿಸಿದ್ದ ಪುಟದಿಂದಲೇ ಪಾಠ ಮುಂದುವರಿಸಿದರು. ಅವರು ಅತ್ತದ್ದನ್ನು ಯಾರೂ ನೋಡಲಿಲ್ಲ. ದೇವರ ಮಾತೆತ್ತಿದವರಿಗೆ, "ಆ ವಿಷಯ ಬಿಡಿ" ಎನ್ನುತ್ತಿದ್ದರು.

ಮಗುವಿನದೆಂದು ಉಳಿದದ್ದು ಒಂದೇ ಫೋಟೋ. ಮಗು ನೆಟ್ಟಗೆ ನಿಂತಿದೆ. ಪಕ್ಕದ ಅಂಚಿನಿಂದ ಚಾಚಿದ ತಾಯಿಯ ಕೈ ಅದರ ಹೆಗಲ ಮೇಲಿದೆ. ತಾಯಿ ಫೋಟೋದಲ್ಲಿಲ್ಲ, ಕೈ ಮಾತ್ರ. ಕಟ್ಟು ಹಾಕಿದವನು ಗಾಜಿಗೂ ಫೋಟೋಗೂ ನಡುವೆ, ಒಂದಕ್ಕೊಂದು ತಾಗದಂತೆ, ರಟ್ಟಿನ ಪಟ್ಟಿ ಇಟ್ಟಿದ್ದ. ಮಗು ದೂರ ಕಾಣುತ್ತದೆ ಎಂದು ಟೀಚರ್ ಅದನ್ನು ತೆಗೆಸಿದರು. ಮನೆಯಲ್ಲಿ ದೇವರಿಗೆ ನಿಂತುಹೋದ ಪೂಜೆ ಈ ಫೋಟೋಗೆ ನಡೆಯಿತು. ದಿನವೂ ಒದ್ದೆ ಬಟ್ಟೆಯಿಂದ ಗಾಜು ಒರೆಸಿ, ನೀರು ಚಿಮುಕಿಸಿದ ಮಲ್ಲಿಗೆ ಮಾಲೆ ಹಾಕುತ್ತಿದ್ದರು. ಎರಡು ವರ್ಷದಲ್ಲಿ ತೇವ ಒಳಗಿಳಿದು ಫೋಟೋ ಗಾಜಿಗೆ ಕಚ್ಚಿಕೊಂಡಿತು. ಅಂಚಿನಲ್ಲಿ ಎದ್ದ ಬೂಷ್ಟು ಮುಖದ ಕಡೆಗೆ ಹಬ್ಬತೊಡಗಿತು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರು ಆ ಗಾಜನ್ನು ಎದೆಗೆ ಅವಚಿಕೊಂಡು ಸಿಸ್ಟರ್ ಅವರ ಕೋಣೆಗೆ ಬಂದರು.

"ಪ್ರಾರ್ಥನೆ ಏನೂ ಬೇಡ ಸಿಸ್ಟರ್. ಒಂದು ಬ್ಲೇಡು ಇದ್ದರೆ ಕೊಡಿ."

"ಬ್ಲೇಡು ಉಂಟು. ಏನು ಕೊಯ್ಯುವುದಕ್ಕೆ?"

"ಇದನ್ನು ಗಾಜಿನಿಂದ ಬಿಡಿಸಬೇಕು. ಸ್ಟುಡಿಯೋದವನು ಆಗುವುದಿಲ್ಲ ಎಂದ. ನೆಗೆಟಿವ್ ಕೂಡ ಇಲ್ಲವಂತೆ."

ಸಿಸ್ಟರ್ ಕೈ ಒರೆಸಿಕೊಂಡು ಗಾಜನ್ನು ಬೆಳಕಿಗೆ ಹಿಡಿದರು. ಒಂದು ಮೂಲೆಯಲ್ಲಿ ಮಗುವಿನ ಲಂಗದ ಅಂಚು ಹರಿದಿತ್ತು.

"ಎಳೆದು ನೋಡಿದ್ದೀರಿ."

"ಹೌದು."

"ಇದಕ್ಕೇ ಅಲ್ಲವಾ ಟೀಚರ್, ನೀವು ಮಕ್ಕಳಿಗೆ ಬೈಯುವುದು?" ಎಂದ ಸಿಸ್ಟರ್ ಅಗಲವಾದ ಟ್ರೇಗೆ ತಣ್ಣೀರು ತುಂಬಿದರು. "ನೀರು ಅಂಟಿಸಿದ್ದನ್ನು ನೀರೇ ಬಿಡಿಸಬೇಕು."

"ಕಾಗದ ಹಾಳಾಗುವುದಿಲ್ಲವೇ?"

"ಸ್ಟುಡಿಯೋದಲ್ಲಿ ಇದು ಹುಟ್ಟಿದ್ದೂ ನೀರಿನಲ್ಲೇ. ಸ್ವಲ್ಪ ಏನಾದರೂ ಹೋಗಬಹುದು. ಹೀಗೇ ಬಿಟ್ಟರೆ ಮುಖವೇ ಹೋಗುತ್ತದೆ. ನೀವು ಹೇಳಿದರೆ ಹಾಕುತ್ತೇನೆ."

ಟೀಚರ್ ಗಾಜನ್ನು ಅವರ ಕೈಯಿಂದ ತೆಗೆದುಕೊಂಡರು. ತಾವೇ ಅದನ್ನು ನೀರಿನಲ್ಲಿಟ್ಟರು.

ಸಿಸ್ಟರ್ ಮೂರು ಸಲ ನೀರು ಬದಲಿಸಿದರು. ಟೀಚರ್ ಬೆರಳು ಮತ್ತೆ ಮತ್ತೆ ಕಾಗದದ ಅಂಚಿಗೆ ಹೋಗುತ್ತಿತ್ತು. ಪ್ರತಿ ಸಲವೂ ಸಿಸ್ಟರ್ ಅದನ್ನು ಮೆಲ್ಲಗೆ ಸರಿಸಿ, ಜಪ ಮುಂದುವರಿಸಿದರು. ಇಗರ್ಜಿಯಲ್ಲಿ ಆರರ ಗಂಟೆ ಬಾರಿಸುವ ಹೊತ್ತಿಗೆ ಒಂದು ಮೂಲೆ ಎದ್ದಿತು. ಬಳಿಕ ಇಡೀ ಫೋಟೋ ಗಾಜನ್ನು ಬಿಟ್ಟು ನೀರಿನಲ್ಲಿ ತೇಲಿತು.

ಮುಖ ಬಂದಿತ್ತು. ಕಣ್ಣು, ಎರಡು ಜಡೆ, ರಿಬ್ಬನ್ನು ಎಲ್ಲವೂ ಬಂದಿದ್ದವು. ಹೆಗಲಿನ ಮೇಲೂ ಪಕ್ಕದಲ್ಲೂ, ಮಾಲೆಯ ನೀರು ಹೆಚ್ಚು ಇಳಿದಿದ್ದ ಕಡೆ, ಕಾಗದ ಬರೀ ಬೆಳ್ಳಗಿತ್ತು. ತಾಯಿಯ ಕೈ ಗಾಜಿನಲ್ಲೇ ಉಳಿದಿತ್ತು.

ಸಿಸ್ಟರ್ ಎರಡನ್ನೂ ನೋಡಿ ಹೇಳಿದರು: "ಮಗು ಪೂರ್ತಿ ಬಂದಿದೆ ಟೀಚರ್. ನಿಮ್ಮ ಕೈ ಮಾತ್ರ ಬಿಡಲಿಲ್ಲ."

ವಸುಮತಿ ಟೀಚರ್ ಆ ಒದ್ದೆ ನೆಲದ ಮೇಲೆ ಕುಳಿತು ಅತ್ತರು. ಎರಡು ವರ್ಷದಲ್ಲಿ ಅದೇ ಮೊದಲು. ಸಿಸ್ಟರ್ ಫೋಟೋವನ್ನು ಶಾಯಿ ಹೀರುವ ಕಾಗದದ ಮೇಲೆ ಹರಡಿ, ಅಳು ನಿಲ್ಲುವವರೆಗೂ ಪಕ್ಕದಲ್ಲಿ ನಿಂತಿದ್ದರು.

"ಆ ಗಾಜನ್ನು ಎಸೆದುಬಿಡಿ" ಎಂದು ಹೇಳಿ ಟೀಚರ್ ಫೋಟೋದೊಂದಿಗೆ ಮನೆಗೆ ಹೋದರು. ಹೊಸ ಕಟ್ಟಿನಲ್ಲಿ ಗಾಜಿಗೂ ಮಗುವಿಗೂ ನಡುವೆ ರಟ್ಟಿನ ಪಟ್ಟಿ ಹಾಕಿಸಿದರು. ಅಂದಿನಿಂದ ಹನ್ನೊಂದು ವರ್ಷ, ಪ್ರತಿ ಶನಿವಾರ, ಅವರು ಸಿಸ್ಟರ್ ಜೊತೆ ನಿಂತು ಪ್ರನಾಳ ತೊಳೆದರು. ಆರರ ಗಂಟೆಗೆ ಸಿಸ್ಟರ್ ಪ್ರಾರ್ಥನೆಗೆ ನಿಂತಾಗ ಟೀಚರ್ ನೀರಿನ ನಲ್ಲಿ ನಿಲ್ಲಿಸಿ, ತಾವೂ ತಲೆ ಬಾಗಿಸಿ ನಿಲ್ಲುತ್ತಿದ್ದರು.

ಸಿಸ್ಟರ್ ಅಪೊಲೊನಿಯಾ ಅವರು ದೈವಾಧೀನರಾದಾಗ ಅವರ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಎರಡು ನಿಲುವಂಗಿ, ಒಂದು ಪ್ರಾರ್ಥನಾ ಪುಸ್ತಕ ಮತ್ತು ಬಟ್ಟೆಯಲ್ಲಿ ಸುತ್ತಿದ ಒಂದು ಗಾಜು. ಅದರ ನಾಲ್ಕು ಅಂಚಿಗೂ ಅವರು ರಟ್ಟಿನ ಪಟ್ಟಿ ಅಂಟಿಸಿದ್ದರು, ಬಟ್ಟೆ ಒಳಗಿನ ಚಿತ್ರಕ್ಕೆ ತಾಗದಂತೆ. ಕಾನ್ವೆಂಟಿನ ಮುಖ್ಯಸ್ಥೆ ಮದರ್ ಅದನ್ನು ವಸುಮತಿ ಟೀಚರ್ ಕೈಗೆ ಕೊಟ್ಟರು. ಟೀಚರ್ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಐದು ಬೆರಳೂ ಹಾಗೆಯೇ ಇದ್ದವು.

"ಇಷ್ಟು ದಿನ ಈ ಕೈಯನ್ನು ಇವರು ಹಿಡಿದುಕೊಂಡಿದ್ದರು," ಎಂದರು ಅವರು. "ಇನ್ನೂ ಇವರ ಹತ್ತಿರವೇ ಇರಲಿ, ಮದರ್."

ಶವಪೆಟ್ಟಿಗೆ ಮುಚ್ಚುವ ಮೊದಲು ಆ ಗಾಜನ್ನು ಸಿಸ್ಟರ್ ಅವರ ಜೋಡಿಸಿದ ಕೈಗಳ ಕೆಳಗೆ ಇಡಲಾಯಿತು. ಇಟ್ಟವರು ವಸುಮತಿ ಟೀಚರ್.