ಹುಣಸೆಹಣ್ಣಲ್ಲಿ ತಿಕ್ಕಿದ ಆನೆ ಕಾಸು

"ಕೇಳ್ರಪ್ಪೋ ಕೇಳ್ರಿ! ಹಂಗರಕೋಟೆಯ ದೊರೆ ಸೋಮರಸರು ಮೊಬೈಲಿನಲ್ಲಿ ಕೊಂಡ ಹಳೇ ಕಾಸನ್ನು ಮಾರಿದವನಿಗೇ ವಾಪಸ್ ಕೊಟ್ಟು, ಸುರಿದ ಹೊನ್ನನ್ನು ಹಿಂದಕ್ಕೆ ತಂದವರಿಗೆ ಕೇಳಿದ್ದು ಕೊಡ್ತಾರೆ! ಮಾರಿದವನು ಏಳುಸುತ್ತಿನ ಬೆಟ್ಟದ ರಕ್ಕಸ. ವಾಪಸ್ ಮಾಡಬೇಕಾದರೆ ಅವನ ಒಗಟು ಮೂರು ಬಿಡಿಸಬೇಕು. ತಪ್ಪಿದರೆ ತಲೆ ಅವನದು!"

ಡಂಗುರದವನು ಕೂಗಿ ಕೂಗಿ ಗಂಟಲು ಕಟ್ಟಿ, ಕೊನೆಯ ಬೀದಿಯಲ್ಲಿ ಕೈಸನ್ನೆಯಲ್ಲೇ ಸಾರಿದ. ಅರಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಚೌಡ ಅದನ್ನು ಕೇಳಿ ಉಸ್ಸೆಂದ. ಇದೆಲ್ಲ ಅವನ ತಲೆಗೇ ಸುತ್ತಿಕೊಂಡಿತ್ತು.

ದೊರೆಗೆ ಹಳೇ ಕಾಸಿನ ಹುಚ್ಚು. ರಕ್ಕಸ ಮೊಬೈಲಲ್ಲಿ ತೋರಿಸಿದ ಆನೆ ಅಚ್ಚಿನ ತಾಮ್ರದ ಕಾಸಿಗೆ ಬೊಕ್ಕಸವನ್ನೇ ಬರಿದು ಮಾಡಿದ್ದ. ವಾಪಸಿನ ಷರತ್ತು ಕೆಳಗೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಓದದೆ "ಒಪ್ಪಿಗೆ" ಎಂದು ಒತ್ತಿದ್ದ. ಕಾಸು ಬಂತು, ಮೈತುಂಬ ಹಸಿರು ಕಿಲುಬು. "ತೊಳೆದು ದೇವರ ಮುಂದೆ ಇಡೋ" ಎಂದು ಚೌಡನ ಕೈಗೆ ಕೊಟ್ಟ. ತಾಮ್ರ ಅಂದಮೇಲೆ ತೊಳೆಯುವುದು ಹೇಗೆ? ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ಚೌಡ ತಿಕ್ಕಿದ. ಆ ಹೊಳಪಿಗೆ ಬೆಳಗಾಯಿತೆಂದು ಕೋಟೆಯ ಹುಂಜಗಳೆಲ್ಲ ಸಂಜೆಗೇ ಕೂಗಿದವು.

ಕಾಸಿನ ಗುಣ ಬಲ್ಲ ನೆರೆದೊರೆ ನೋಡಿ ಹೊಟ್ಟೆ ಹಿಡಿದು ನಕ್ಕ. "ಸೋಮರಸ, ಬೆಲೆ ಇದ್ದದ್ದೇ ಆ ಹಳೇ ಕಿಲುಬಿಗೆ ಕಣಯ್ಯ! ಈಗ ಇದು ಚೊಂಬಿನ ಚೂರು."

ದೊರೆಗೆ ಮುಖ ಉರಿಯಿತು. "ಚೌಡ, ಹಾಳು ಮಾಡಿದವನು ನೀನು. ಹೋಗುವವರ ಜೊತೆ ಕಾಸು ಹೊತ್ತು ನೀನೂ ಹೋಗು. ಹೊನ್ನಿಲ್ಲದೆ ಬಂದರೆ ತಲೆ ಇಲ್ಲಿ ತೆಗೀತೀನಿ."

"ತೊಳೆ ಅಂದವರು ತಾವೇ ಅಲ್ಲವೇ ಬುದ್ಧಿ?" ಅನ್ನಲು ಚೌಡ ಬಾಯಿ ತೆರೆದ. ಅದಕ್ಕೂ ತ್ರಾಣವಿರಲಿಲ್ಲ. "ಆಗಲಿ ಬುದ್ಧಿ. ಅಲ್ಲೋ ಇಲ್ಲೋ, ಈ ತಲೆಯನ್ನ ಎಲ್ಲಾದರೂ ಇಳಿಸಿದರೆ ಸಾಕು" ಎಂದ.

ಹೊರಟವರು ಮಂತ್ರಿಯ ಮಗ, ದಳವಾಯಿಯ ಮಗ, ಅವರಿಬ್ಬರ ಗಂಟು ಹೊತ್ತ ಚೌಡ. ಆ ಬೆಟ್ಟ ಎಷ್ಟು ಎತ್ತರವೆಂದರೆ ಮೋಡಗಳೂ ಅರ್ಧ ಹತ್ತಿ ಕಾಲುನೋವೆಂದು ಕೂತುಬಿಡುತ್ತಿದ್ದವು. ನಂಬದವರು ಹತ್ತಿ ನೋಡಲಿ.

ಮೇಲೆ ರಕ್ಕಸ ಪಾರ್ಸೆಲ್ಲುಗಳ ರಾಶಿಗೆ ಒರಗಿದ್ದ. ಕಣ್ಣು ಕೆಂಡದಂತಿದ್ದವು, ಕೋಪಕ್ಕಲ್ಲ, ನಿದ್ದೆಗೆಟ್ಟು.

"ಬಂದಿರಾ? ನಿಮ್ಮದೇನು ತಕರಾರು? ಫೋಟೋದಲ್ಲಿ ಆನೆ ದಪ್ಪ ಇತ್ತು, ಇಲ್ಲಿ ಸೊರಗಿದೆ ಅಂತ ಒಬ್ಬ ಬಂದಿದ್ದ. ಆನೆ ಎಡಕ್ಕೆ ನೋಡುತ್ತೆ, ನಮ್ಮ ಮನೆ ವಾಸ್ತುಗೆ ಆಗಲ್ಲ ಅಂತ ಇನ್ನೊಬ್ಬಳು. ತೂ! ಮುಂದೆ ಬಾ. ಎರಡು ಮುಖ, ಒಂದನ್ನೊಂದು ಎಂದೂ ಕಂಡಿಲ್ಲ. ಒಂದಿಲ್ಲದೆ ಇನ್ನೊಂದಕ್ಕೆ ಬಾಳಿಲ್ಲ. ಆದರೂ ಹಗಲೂ ಇರುಳೂ ಒಂದನ್ನೊಂದು ಬೈಯುತ್ತವೆ. ಏನದು?"

ಮಂತ್ರಿಯ ಮಗ ಮೀಸೆಯಲ್ಲೇ ನಕ್ಕ. "ಇಷ್ಟೇನಾ? ನಾಣ್ಯ!"

"ನಾಣ್ಯ ಬೈದದ್ದನ್ನ ಎಲ್ಲಿ ಕೇಳಿದೆಯೋ?" ಎಂದ ರಕ್ಕಸ. ಕಣ್ಣು ಮಿಟುಕಿಸುವಷ್ಟರಲ್ಲಿ ಮಂತ್ರಿಯ ಮಗನ ರುಮಾಲಷ್ಟೇ ಉಳಿಯಿತು. ಅದನ್ನು ಪೆಟ್ಟಿಗೆಗೆ ಹಾಕಿ, ಅಂಟುಪಟ್ಟಿ ಸುತ್ತಿ, ಮೇಲೆ ಬರೆದ: "ಒಳಗಿದ್ದ ಸಾಮಾನಿಗೆ ವಾಪಸಿಲ್ಲ."

ದಳವಾಯಿಯ ಮಗನ ಕತ್ತಿ ಒರೆಯಲ್ಲೇ ನಡುಗಿತು. ರಕ್ಕಸ ಆಕಳಿಸುತ್ತ ಎರಡನೆಯದನ್ನು ಒಡ್ಡಿದ. "ಮೈತುಂಬ ಕೊಳೆ. ಕೊಳೆ ಇರುವತನಕ ಅರಸರೂ ಎದ್ದು ನಿಲ್ಲುತ್ತಾರೆ. ತೊಳೆದರೆ ಭಿಕ್ಷುಕನಿಗೂ ಬೇಡ. ಏನದು?"

"ಜೋ... ಜೋಗಿ!"

"ಜೋಗಿ ಸ್ನಾನ ಮಾಡಿದರೆ ಜೋಗಿಯಾಗದೆ ಹೋಗ್ತಾನೇನೋ?" ಇನ್ನೊಂದು ಪೆಟ್ಟಿಗೆ ಸಿದ್ಧವಾಯಿತು.

ಚೌಡ ಗಂಟು ಇಳಿಸಿ ಮುಂದೆ ಬಂದ.

"ಆ ಎರಡು ಒಗಟೂ ಒಡೆಯದೆ ಬಿದ್ದಿವೆ, ಮೇಲೆ ಇನ್ನೊಂದು" ಎಂದ ರಕ್ಕಸ. "ಮೂರೂ ನಿನಗೇ. ಹೇಳು."

"ಮೊದಲನೇದು ನೀನೂ ನಮ್ಮ ದೊರೆಯೂ ಯಪ್ಪಾ. ಮಾರುವವನು, ಕೊಳ್ಳುವವನು. ಅವರ ಮುಖ ನೀನು ಕಂಡಿಲ್ಲ, ನಿನ್ನದು ಅವರು ಕಂಡಿಲ್ಲ. ಅವರು ಬೈಯೋದನ್ನ ದಿನಾ ಕೇಳಿದ್ದೆ, ನೀನು ಬೈಯೋದನ್ನ ಈಗ ಕೇಳಿದೆ." ಚೌಡ ಮುಷ್ಟಿ ಬಿಚ್ಚಿದ. ಕಾಸು ಥಳಥಳಿಸಿತು. "ಎರಡನೇದು ಇಗೋ, ಹಳೇ ಕಾಸು. ಕಿಲುಬಿದ್ದಾಗ ಬೊಕ್ಕಸ ಕೊಟ್ಟರು. ತೊಳೆದೆ, ನನ್ನ ತಲೆಗೆ ಬಂತು."

ರಕ್ಕಸ ಎದ್ದು ಕೂತ. "ಮೂರನೇದು. ಯಾರೂ ಕೊಂಡದ್ದಲ್ಲ, ಆದರೂ ಮನೆಮನೆಯಲ್ಲಿದೆ. ಇನ್ನೊಬ್ಬನಿಗೆ ದಾಟಿಸಿದರೂ ನಿನ್ನಲ್ಲಿ ಕಮ್ಮಿಯಾಗಲ್ಲ. ಹಿಂದಕ್ಕೆ ತೆಗೆದುಕೊಳ್ಳುವವರಿಲ್ಲ. ಕಣ್ಣು ಮುಚ್ಚಿದರೆ ಮಾತ್ರ ತಾನೇ ಹೋಗುತ್ತೆ. ಏನದು?"

ಚೌಡ ಯೋಚಿಸಿದ. ಪಾಪವೇ? ಕಣ್ಣು ಮುಚ್ಚಿದರೆ ಪಾಪ ಹೋಗುತ್ತದೆಯೇ? ಹೊಟ್ಟೆಕಿಚ್ಚೇ? ತಾನು ಒರಗಿದ್ದ ಪಾರ್ಸೆಲ್ ಮೂಟೆ ಮೆತ್ತಗಿತ್ತು. ಯೋಚನೆಯ ನಡುವೆಯೇ ರೆಪ್ಪೆ ಅಂಟಿತು. ಸಣ್ಣಗೆ ಗೊರಕೆ ಬಂತು.

"ಹೇಳೋ!" ಎಂದು ರಕ್ಕಸ ಗುಡುಗಿದ.

ಚೌಡ ಬೆಚ್ಚಿಬಿದ್ದ. "ಅಯ್ಯೋ, ಈಗ ತಾನೇ ಹೋಗಿತ್ತು ಕಣಪ್ಪಾ! ನೀನು ಕೂಗಿದೆ, ಮತ್ತೆ ಬಂತು."

"ಏನು ಬಂತು?"

"ಸುಸ್ತು" ಎಂದ ಚೌಡ. ಹಾಗೆಂದ ಮೇಲೆ ಅವನಿಗೇ ಹೊಳೆಯಿತು. "ಅದೇ ಯಪ್ಪಾ ನಿನ್ನ ಮೂರನೇದು! ಸುಸ್ತನ್ನ ಯಾರು ಕೊಳ್ತಾರೆ? ದೊರೆ ಅವರದನ್ನ ನನಗೆ ದಾಟಿಸಿದರು, ಅವರದೇನೂ ಕಮ್ಮಿಯಾಗಲಿಲ್ಲ. ನಿನ್ನದೂ ಹಾಗೇ. ನಿದ್ದೆ ಬಂದರೇ ಅದು ಹೋಗೋದು."

"ಸರಿ ಕಣೋ" ಎಂದ ರಕ್ಕಸ. ಆಮೇಲೆ ಕಾಸು ತೆಗೆದುಕೊಂಡು, ಹೊನ್ನಿನ ಮೂಟೆಗಳನ್ನು ಹೇಸರಗತ್ತೆಗಳ ಮೇಲೆ ಹೇರಿಸಿದ. "ಇವತ್ತಿಗೆ ಅಂಗಡಿ ಮುಚ್ಚಿದೆ, ಹೋಗು" ಎಂದು ಅಲ್ಲೇ ಮಗ್ಗುಲಾದ. ಅವನ ಗೊರಕೆಗೆ ಕೂತಿದ್ದ ಮೋಡಗಳೆಲ್ಲ ಎದ್ದು ಓಡಿದವು.

ಹೊನ್ನು ಕಂಡು ದೊರೆ ಕುಣಿದಾಡಿದ. "ಕೇಳೋ ಚೌಡ! ಅರ್ಧ ರಾಜ್ಯ ಬೇಕೇ?"

"ಅಷ್ಟು ರಾಜ್ಯಕ್ಕೆ ಎಷ್ಟು ಪಾತ್ರೆಯೋ, ಬೇಡ ಬುದ್ಧಿ. ಮಲಗಲು ಒಂದು ಮಂಚ ಕೊಡಿ. ಮತ್ತೆ ಆ ಮೊಬೈಲು."

ಆಗಲೇ ದೊರೆಯ ಹೆಬ್ಬೆರಳು ಮೊಬೈಲಿನಲ್ಲಿ ಸಿಂಹ ಅಚ್ಚಿನ ಇನ್ನೊಂದು ಹಳೇ ಕಾಸಿನ ಮೇಲೆ ಆಡುತ್ತಿತ್ತು. ಆದರೆ ಡಂಗುರ ಸಾರಿಸಿ ಆಡಿದ ಮಾತು, ಕೊಡದೆ ವಿಧಿಯಿಲ್ಲ.

ಚೌಡ ಮೊಬೈಲನ್ನು ಹಿತ್ತಲಿಗೆ ಒಯ್ದು, ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ಚೆನ್ನಾಗಿ ತಿಕ್ಕಿ, ನೀರಲ್ಲಿ ಅದ್ದಿ ತೆಗೆದು ಚೊಂಬುಗಳ ಸಾಲಿನಲ್ಲಿ ಬೋರಲು ಹಾಕಿದ. ಆಮೇಲೆ ಮಂಚದ ಮೇಲೆ ಕಾಲು ಚಾಚಿದ.

ಅದು ಇನ್ನೂ ಅಲ್ಲೇ ಹೊಳೆಯುತ್ತಿದೆ. ಬೇಕಾದವರು ಒಯ್ಯಬಹುದು. ವಾಪಸಿಲ್ಲ.